ಪ್ರಯೂನ್ ದೊಡ್ಡಪ್ಪನ ಬೆಳಗಿನ ಹುಳಿ

ಸಮ್ಲಿ ದೊಡ್ಡಮ್ಮನ ಎಡಗೈಯಲ್ಲಿ ಬಳೆಗಳಿರಲಿಲ್ಲ, ರಬ್ಬರ್ ಬ್ಯಾಂಡುಗಳಿದ್ದವು. ಮಣಿಕಟ್ಟಿನಿಂದ ಅರ್ಧ ತೋಳಿನವರೆಗೆ ಕೆಂಪು, ಹಳದಿ, ಹಸಿರು. ತೆಗೆದಿಟ್ಟ ಮೇಲೂ ಚರ್ಮದ ಮೇಲೆ ಅವುಗಳ ಗೆರೆ ಉಳಿಯುತ್ತಿತ್ತು. ಚಿಕ್ಕವಳಿದ್ದಾಗ ನಾನು ಆ ಗೆರೆಗಳ ಮೇಲೆ ಬೆರಳಾಡಿಸುತ್ತ ಅವಳ ಮಡಿಲಲ್ಲೇ ನಿದ್ದೆ ಹೋಗುತ್ತಿದ್ದೆ. ನಮಗೂ ಅವಳಿಗೂ ರಕ್ತಸಂಬಂಧವಿಲ್ಲ. ಎರಡು ಮನೆಗಳ ನಡುವೆ ಒಂದು ಹಲಗೆಯ ಗೋಡೆ, ಗೋಡೆಯಲ್ಲೊಂದು ಕಿಂಡಿ. ಆ ಕಿಂಡಿಯಿಂದ ಹುರಿದ ಬೆಳ್ಳುಳ್ಳಿಯ ವಾಸನೆ ಬಂತೆಂದರೆ ನಮ್ಮ ಮನೆಯಲ್ಲಿ ಬೆಳಗಾಯಿತೆಂದು ಅರ್ಥ.

ಯೋಮ್ ನದಿಯ ದಂಡೆಯ ತಾ ಮಖಾಂ ನಮ್ಮ ಪೇಟೆ. ದೋಣಿಕಟ್ಟೆಗೆ ಇಳಿಯುವ ಮೆಟ್ಟಿಲುಗಳ ಪಕ್ಕದಲ್ಲಿ, ತಗಡಿನ ಸೂರಿನ ಕೆಳಗೆ ಅವಳ ಮೇಜು. ಬೆಳಗಿನ ಭಿಕ್ಷೆಗೆ ಸಾಲಾಗಿ ಬರುವ ಭಿಕ್ಷುಗಳಿಗೆ ನೀಡುವ ಬುತ್ತಿ ಅಲ್ಲಿ ಸಿದ್ಧವಾಗಿ ಸಿಗುತ್ತಿತ್ತು. ಒಂದು ಕವರು ಬಿಸಿ ಅನ್ನ, ಒಂದು ಕವರು ಸಾರು, ಒಂದು ಕವರು ಹುರಿದದ್ದು, ಮೇಲೊಂದು ತಾವರೆ ಮೊಗ್ಗು. ಬ್ಯಾಂಕಾಕಿನ ಬಸ್ಸು ಹಿಡಿಯುವವರು, ಶಾಲೆಯ ಮೇಡಂಗಳು, ಅಕ್ಕಿಗಿರಣಿಯ ಕೆಲಸದವರು, ಯಾರಿಗೆ ಮನೆಯಲ್ಲಿ ಬೇಯಿಸಿ ನೀಡುವ ಪುರುಸೊತ್ತಿಲ್ಲವೋ ಅವರೆಲ್ಲ ಅವಳ ಮುಂದೆ ನಿಲ್ಲುತ್ತಿದ್ದರು.

ಅವಳು ಕವರು ಕಟ್ಟುವುದನ್ನು ನೋಡಲೆಂದೇ ನಿಂತವರೂ ಇದ್ದರು. ಸೌಟಿನಿಂದ ಸಾರು ಕವರಿಗೆ ಬೀಳುತ್ತಿದ್ದಂತೆ ಅದರ ಬಾಯಿ ಹಿಡಿದು ಒಂದೇ ಸಲ ಗಾಳಿಯಲ್ಲಿ ಬೀಸುವಳು. ಕವರು ಹೊಟ್ಟೆ ಉಬ್ಬಿಸಿಕೊಂಡು ಗುಂಡಗಾಗುವುದು. ತೋಳಿನಿಂದ ಒಂದು ಬ್ಯಾಂಡು ಜಾರಿ ಬೆರಳಿಗೆ ಬಂದು, ಮೂರು ಸುತ್ತು ಸುತ್ತಿ, ಎರಡು ಸಲ ಅಡ್ಡ ಹಾದು ಬಿಗಿಯುವುದು. ಉಳಿದ ಅಂಗಡಿಗಳವರು ಅಡ್ಡ ಹಾಯಿಸುವುದು ಒಂದೇ ಸಲ. ದೊಡ್ಡಮ್ಮನದು ಎರಡು. ಅವಳು ಕಟ್ಟಿದ ಸಾರಿನ ಕವರನ್ನು ಬಸ್ಸಿನ ಮೇಲಿಂದ ಎಸೆದರೂ ಒಂದು ಹನಿ ಸೋರುವುದಿಲ್ಲವೆಂದು ಹೇಳುತ್ತಿದ್ದರು. ಎಸೆದು ನೋಡಿದವರನ್ನು ನಾನು ಕಾಣೆ.

ದೊಡ್ಡಪ್ಪನ ಹೆಸರು ಪ್ರಯೂನ್. ಕೆಳಗಿನ ಕಟ್ಟೆಯಲ್ಲಿ ಅಡ್ಡ ಕಟ್ಟಿದ ಹಗ್ಗ ಹಿಡಿದು ಎಳೆದು ನದಿ ದಾಟಿಸುವ ದೋಣಿ ಅವನದು. ಐದು ವರ್ಷದ ಹಿಂದೆ, ಭಿಕ್ಷುಗಳು ಮಳೆಗಾಲವಿಡೀ ಒಂದೇ ಕಡೆ ನೆಲೆಸುವ ವರ್ಷಾವಾಸದ ಮೊದಲ ದಿನ, ಮೇಜಿನ ಮುಂದೆ ಜಾತ್ರೆಯ ಹಾಗೆ ಜನ ತುಂಬಿದ್ದಾಗ ಅವನು ಮೆಟ್ಟಿಲು ಹತ್ತಿ ಬಂದು ಅವರ ಹೆಗಲ ನಡುವಿನಿಂದ ತಲೆ ತೂರಿಸಿದ್ದ.

"ಹುಳಿ ಆಯ್ತೇನೇ? ಒಂದ್ ಕವರ್ ಕಟ್ಟಿ ಕೊಡು."

"ಕಾಣ್ಸಲ್ವಾ ಜನ? ಮೊದ್ಲು ಭಿಕ್ಷುಗಳಿಗೆ, ಆಮೇಲೆ ನಿಮ್ಗೆ. ಹತ್ತು ಗಂಟೆಗೆ ಬನ್ನಿ."

"ಆಗ್ಲಿ ಮಹಾರಾಣಿ," ಎಂದು ನಕ್ಕು ಅವನು ಇಳಿದುಹೋದ. ಹತ್ತು ಗಂಟೆಗೆ ಮುಂಚೆಯೇ, ಹಗ್ಗಕ್ಕೆ ಒರಗಿ ತೂಕಡಿಸುತ್ತಿದ್ದಾನೆಂದು ಜನ ತಿಳಿದಿದ್ದಾಗ, ಅವನ ಎದೆ ನಿಂತುಹೋಗಿತ್ತು. ಅಗಸೆ ಹೂವು ಹಾಕಿದ ಕೊರಮೀನಿನ ಹುಳಿ ಅವನಿಗೆ ಪ್ರಾಣ. ಅದು ಒಲೆಯ ಮೇಲೆ ಕುದಿಯುತ್ತಲೇ ಇತ್ತು.

ಶವಸಂಸ್ಕಾರದ ಮರುದಿನದಿಂದ ದೊಡ್ಡಮ್ಮ ಒಂದು ಪುಟ್ಟ ಗಡಿಗೆಯಲ್ಲಿ ಆ ಹುಳಿಯನ್ನು ಬೇರೆಯೇ ಮಾಡುತ್ತಿದ್ದಳು. ಮಾರಾಟಕ್ಕಲ್ಲ. ಮೊದಲ ಕವರು ಅದು. ಸಾಲಿನ ಮುಂದಿರುವ ಹಿರಿಯ ಭಿಕ್ಷುಗಳ ಭಿಕ್ಷಾಪಾತ್ರೆಗೆ ಅದನ್ನು ಇಳಿಸಿ, ಮೆಟ್ಟಿಲ ಬುಡದ ಹುಣಸೆಮರಕ್ಕೆ ಚೊಂಬಿನಿಂದ ನೀರು ಬಿಟ್ಟು, ಆ ಪುಣ್ಯ ದೊಡ್ಡಪ್ಪನಿಗೆ ಸೇರಲೆಂದು ಹೇಳಿದ ಮೇಲೆಯೇ ಅವಳು ತಾನು ಒಂದು ತುತ್ತು ತಿನ್ನುವುದು. ಹೀಗೆ ನೀಡಿದ್ದು ಸತ್ತವರಿಗೆ ಮುಟ್ಟುತ್ತದೆ ಎಂಬುದರಲ್ಲಿ ನಮ್ಮ ಪೇಟೆಯಲ್ಲಿ ಯಾರಿಗೂ ಅನುಮಾನವಿಲ್ಲ. ಜ್ವರ ಬಂದಾಗಲೂ ಅವಳು ತಪ್ಪಿಸಲಿಲ್ಲ. ಒಂದು ಸಲ "ಹತ್ತು ಗಂಟೆಗೆ ಬನ್ನಿ" ಎಂದವಳು ಇನ್ನೊಂದು ಸಲ ಹಾಗೆನ್ನಲಾರಳು. ಇದನ್ನು ಅವಳು ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಹೋದ ವರ್ಷ ನದಿ ವಿಹಾರದೊಳಕ್ಕೆ ಬಂತು. ಅದು ಬರುವುದೇನೂ ಹೊಸದಲ್ಲ. ಆ ಸಲ ಮಾತ್ರ ಹನ್ನೆರಡು ದಿನ ನಿಂತಿತು. ನೀರು ಇಳಿದ ಮೇಲೆ ಅಂಗಳ ತೊಳೆಯಲು ಪೊರಕೆ ಹಿಡಿದು ನಾವೆಲ್ಲ ಹೋದೆವು. ಹಿಂದಿನ ಹಿತ್ತಲಲ್ಲಿ, ಕಸ ಹೂಳುವ ಗುಂಡಿಯ ಮಗ್ಗುಲಿಗೆ ದೊಡ್ಡ ಬಿದಿರು ಮೆಳೆ. ನದಿ ಆ ಗುಂಡಿಯನ್ನು ಬಗೆದು ಒಳಗಿದ್ದದ್ದನ್ನೆಲ್ಲ ಮೇಲೆತ್ತಿ ಬಿದಿರಿಗೆ ತೂಗುಹಾಕಿ ಹೋಗಿತ್ತು. ಬುಡದಿಂದ ತಲೆಯೆತ್ತರದವರೆಗೆ ಕವರುಗಳು. ಬಿಸಿಲು ಬಿದ್ದು ಅವು ಸಣ್ಣಗೆ ಹೊಳೆಯುತ್ತಿದ್ದವು. ದೂರದಿಂದ ಮೆಳೆ ಹೂಬಿಟ್ಟ ಹಾಗೆ ಕಂಡಿತು.

ಪಕ್ಕದ ಮೇಜಿನಲ್ಲಿ ಸಿಹಿ ಮಾರುವ ಯುಪಿನ್ ಒಂದು ಕವರನ್ನು ಕೋಲಿನಿಂದ ಎಳೆದು, ತಿರುಗಿಸಿ ನೋಡಿದಳು. ಬಾಯಿ ಹರಿದಿತ್ತು, ಬ್ಯಾಂಡು ಹಾಗೇ ಇತ್ತು.

"ಸಮ್ಲಿ ಅಕ್ಕ, ಇದು ನಿಮ್ ಗಂಟು ಅಲ್ವಾ?"

ದೊಡ್ಡಮ್ಮ ಹತ್ತಿರ ಹೋದಳು. ಎರಡು ಸಲ ಅಡ್ಡ ಹಾದ ಬ್ಯಾಂಡು. ಅದರ ಪಕ್ಕದ್ದೂ ಹಾಗೆಯೇ. ಅದರ ಮೇಲಿನದೂ. ಬಣ್ಣ ಮಾಸಿದ್ದವು, ಕೆಸರು ಮೆತ್ತಿದ್ದವು, ಗಂಟು ಮಾತ್ರ ಒಂದೂ ಬಿಚ್ಚಿರಲಿಲ್ಲ. ಬಿಚ್ಚಲಾಗದೆ ಭಿಕ್ಷುಗಳು ಕವರನ್ನೇ ಕತ್ತರಿಸಿಕೊಳ್ಳುತ್ತಿದ್ದರೆಂದು ಅವತ್ತು ಗೊತ್ತಾಯಿತು.

ವಿಹಾರದ ಮೇಲ್ವಿಚಾರಕ ಸವೇಂಗ್ ಮೇಷ್ಟ್ರು ಪೊರಕೆಗೆ ಗಲ್ಲ ಊರಿ ನಿಂತಿದ್ದರು. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಎಲ್ಲರನ್ನೂ ಇನ್ನೂ ಮೂರನೇ ಕ್ಲಾಸಿನ ಮಕ್ಕಳಂತೆ ನೋಡುವ ಮನುಷ್ಯ.

"ನೋಡಮ್ಮ ನಿನ್ ಗಂಡನ್ನ! ಹುಳಿ ಕುಡ್ದು ಕವರ್ ಇಲ್ಲೇ ಬಿಸಾಕಿ ಹೋಗಿದಾನೆ. ಬದ್ಕಿದ್ದಾಗ್ಲೂ ಹಂಗೇ, ಬೀಡಿ ಸೇದಿ ತುಂಡು ದೋಣೀಲೇ ಬಿಡ್ತಿದ್ದ."

ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು. ನಕ್ಕು, ಸೀಬೆಮರದ ಕೊಕ್ಕೆ ಕೋಲು ತೆಗೆದುಕೊಂಡು, ಒಂದೊಂದೇ ಕವರು ಕೀಳತೊಡಗಿದಳು. ಊಟಕ್ಕೆ ಕರೆದರೂ ಬರಲಿಲ್ಲ. ಸಂಜೆಯ ಹೊತ್ತಿಗೆ ಎರಡು ಗೋಣಿಚೀಲ ತುಂಬಿತ್ತು, ಮೆಳೆಯ ಒಂದು ಮಗ್ಗುಲೂ ಖಾಲಿಯಾಗಿರಲಿಲ್ಲ. ಹಿರಿಯ ಭಿಕ್ಷುಗಳು ಆ ದಾರಿಯಲ್ಲಿ ಬಂದಾಗ ಅವಳು ಮೊಣಕಾಲೂರಿ ಕೈಮುಗಿದಳು.

"ಅಪ್ಪಾವ್ರೇ, ಇದ್ನೆಲ್ಲ ಏನ್ ಮಾಡ್ತೀರಿ?"

"ಸುಟ್ರೆ ಹೊಗೆ. ಹೂಳಿದ್ರೆ ನದಿ ತೆಗೀತದೆ," ಎಂದರು. ದೂರಿನ ದನಿಯಲ್ಲಲ್ಲ, ಇವತ್ತು ಸೋಮವಾರ ಎನ್ನುವ ಹಾಗೆ.

ಮನೆಗೆ ಬರುವಾಗ ದೊಡ್ಡಮ್ಮ ಎಂದಳು, "ನಾಲ್ಕು ವರ್ಷ ಅವ್ರಿಗೆ ಊಟ ಕಳಿಸ್ದೆ ಅಂದ್ಕೊಂಡಿದ್ದೆ ಕಣೇ. ಊಟದ್ ಜೊತೆ ಕಸಾನೂ ಕಟ್ಟಿ ಕಳ್ಸಿದೀನಿ."

ಮರುದಿನ ಅವಳ ತೋಳು ಬರಿದಾಗಿತ್ತು. ಗೆರೆಗಳು ಮಾತ್ರ ಇದ್ದವು.

ಅನ್ನಕ್ಕೆ ಬಾಳೆಲೆ ಬಂತು. ಹುರಿದ ಮೀನು, ತುಳಸಿ ಹಾಕಿ ಬಾಡಿಸಿದ ಮಾಂಸ, ಹಬೆಯಲ್ಲಿ ಬೇಯಿಸಿದ ಮೀನಿನ ಕಡುಬು ಇವೆಲ್ಲ ಎಲೆಯೊಳಗೆ ಜಾಣಮಕ್ಕಳಂತೆ ಕೂತವು. ಸಾರು ಬೇಕಾದವರು ಮನೆಯಿಂದ ಬಟ್ಟಲು ತರಬೇಕೆಂದಳು. ಜನ ತರಲಿಲ್ಲ.

"ದೊಡ್ಡಮ್ಮ, ಬಟ್ಲು ಮರ್ತ್ ಬಂದೆ. ಇವತ್ತೊಂದಿನ ಕವರಲ್ಲಿ ಕೊಟ್ಬಿಡಿ."

"ತಲೆ ತರೋದು ಮರೀಲಿಲ್ವಲ್ಲ, ಸದ್ಯ. ಎಲೇಲಿ ಮೀನ್ ಇದೆ, ತಗೊಂಡ್ ಹೋಗು."

ಕೆಲವರು ಮುಖ ತಿರುಗಿಸಿ ಬೇರೆ ಅಂಗಡಿಗೆ ಹೋದರು. ಅದು ಅವಳನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಪುಟ್ಟ ಗಡಿಗೆಯ ಹುಳಿ. ನೀರಿನಂಥ ಪದಾರ್ಥ ಎಲೆಯ ಮಾತು ಕೇಳುವುದಿಲ್ಲ. ಮೊದಲ ದಿನ ಎರಡು ಪದರದ ಬಾಳೆಲೆಯ ದೊನ್ನೆ ಮಾಡಿ, ಬಿದಿರುಕಡ್ಡಿ ಚುಚ್ಚಿ, ಹಿರಿಯ ಭಿಕ್ಷುಗಳ ಪಾತ್ರೆಗೆ ಉಸಿರು ಬಿಗಿಹಿಡಿದು ಇಳಿಸಿದಳು. ಮೂರು ಮನೆ ದಾಟುವುದರೊಳಗೆ ದೊನ್ನೆ ಮಗ್ಗುಲಾಯಿತು. ಕೆಳಗಿದ್ದದ್ದು ಯುಪಿನ್ ನೀಡಿದ್ದ ತೆಂಗಿನಹಾಲಿನ ಸಿಹಿ. ಹಿರಿಯರು ಏನೂ ಆಗಿಲ್ಲವೆಂಬಂತೆ ನಡೆದರು, ಕಾವಿಯ ಅಂಚಿನಿಂದ ಹುಳಿ ತೊಟ್ಟಿಕ್ಕುತ್ತಿತ್ತು. ಸುದ್ದಿ ತಿಳಿದ ಯುಪಿನ್ ಸೊಂಟಕ್ಕೆ ಕೈಯಿಟ್ಟು ಬಂದಳು.

"ನಮ್ಮಮ್ಮನ ತಿಥಿ ಅಂತ ಸಿಹಿ ಕೊಟ್ಟಿದ್ದೆ ಅಕ್ಕ. ಹುಟ್ಟಿದಾರಭ್ಯ ಮೀನ್ ಮುಟ್ದೋಳಲ್ಲ ಅವ್ಳು. ಈಗ ಅಲ್ಲಿ ಕೂತು ನನ್ ಹೆಸರಲ್ಲಿ ಮೂಗು ಮುಚ್ಕೊಂಡಿರ್ತಾಳೆ."

"ಪಕ್ಕದಲ್ಲೇ ಇವ್ರಿದಾರಲ್ಲ, ಅದ್ಲು ಬದ್ಲು ಮಾಡ್ಕೋತಾರೆ ಬಿಡು," ಎಂದು ದೊಡ್ಡಮ್ಮ ಸಮಾಧಾನ ಮಾಡಿದಳು. ಆದರೆ ಅವಳ ಮುಖ ಬಾಡಿತ್ತು.

ಎರಡನೆಯ ದಿನ ಬಿದಿರಿನ ಕೊಳವೆ ಕೊಯ್ದು ಅದರಲ್ಲಿ ತುಂಬಿದಳು. ಅದು ಉರುಳಿತು. ಪಾತ್ರೆ ತುಂಬಿದಂತೆಲ್ಲ ಖಾಲಿ ಮಾಡಿಕೊಳ್ಳಲು ಭಿಕ್ಷುಗಳ ಹಿಂದೆ ಕೈಗಾಡಿ ತಳ್ಳಿಕೊಂಡು ಬರುವ ಮೇಷ್ಟ್ರ ಬಿಳಿಯಂಗಿಯ ಮೇಲೆ ಅದರ ಕಲೆ ಇವತ್ತಿಗೂ ಇದೆ.

ಮೂರನೆಯ ದಿನ ಅಡುಗೆಮನೆಯ ಅಲ್ಯೂಮಿನಿಯಂ ಡಬ್ಬಿಯಲ್ಲಿ ಹುಳಿ ತುಂಬಿ, ಮುಚ್ಚಳ ಒತ್ತಿ, ಪಾತ್ರೆಗೆ ಇಟ್ಟಳು. ಸೋರಲಿಲ್ಲ, ಉರುಳಲಿಲ್ಲ. ಹಿರಿಯರು ಮುಂದೆ ಹೋದರು, ಡಬ್ಬಿ ಗಾಡಿಗೆ ಹೋಯಿತು, ಗಾಡಿ ವಿಹಾರಕ್ಕೆ ಹೋಯಿತು. ಹುಣಸೆಮರಕ್ಕೆ ನೀರು ಬಿಡುವಾಗ ಅವಳ ಮುಖ ನೋಡಿ ನನಗೆ ಸಂತೋಷವಾಯಿತು.

"ಸಂಜೆ ಹೋಗಿ ಡಬ್ಬಿ ತರ್ಲಾ ದೊಡ್ಡಮ್ಮ?" ಎಂದೆ.

ಅವಳು ನನ್ನನ್ನು ನೋಡಿದ ನೋಟ! "ಬಾಯ್ ಮುಚ್ಚು. ಓದಿದ್ದು ಜಾಸ್ತಿ ಆಯ್ತಾ ನಿಂಗೆ? ಪಾತ್ರೆಗೆ ಬಿದ್ದದ್ದು ಭಿಕ್ಷುಸಂಘದ್ದು. ಸಂಘದ್ದನ್ನ ಮನೆಗೆ ತರ್ತಾರಾ?"

ಹೌದು, ನನ್ನದೇ ತಪ್ಪು. ವಿಹಾರದ ಅಂಗಳದ ಮರಳು ಅಂಗಾಲಿಗೆ ಅಂಟಿ ಮನೆಗೆ ಬಂದರೂ ಅದು ಕಳವೇ ಎಂದು ಹೊಸವರ್ಷಕ್ಕೆ ಬುಟ್ಟಿಯಲ್ಲಿ ಮರಳು ಹೊತ್ತು ತಿರುಗಿ ಕೊಟ್ಟುಬರುವ ಜನ ನಾವು. ವಿಹಾರದ ಚಮಚವನ್ನು ಮರೆತು ಮನೆಗೆ ತಂದವಳೊಬ್ಬಳ ಹಲ್ಲುಗಳು ಒಂದೊಂದೇ ಉದುರಿದ ಕಥೆಯನ್ನು ನಮಗೆ ಬಾಲ್ಯದಲ್ಲೇ ಹೇಳುತ್ತಾರೆ. ಕೊಟ್ಟ ಡಬ್ಬಿ ಕೊಟ್ಟಂತೆಯೇ.

ಹಾಗೆ ನಾಲ್ಕನೆಯ ದಿನ ಇನ್ನೊಂದು ಡಬ್ಬಿ ಹೋಯಿತು. ಐದನೆಯ ದಿನ ಮುಚ್ಚಳವಿದ್ದ ಸ್ಟೀಲಿನ ಬಟ್ಟಲು. ಆಮೇಲೆ ಸಕ್ಕರೆಯ ಡಬ್ಬಿ; ಸಕ್ಕರೆ ಕಾಗದದ ಪೊಟ್ಟಣಕ್ಕಿಳಿಯಿತು. ಒಣಮೆಣಸಿನ ಡಬ್ಬಿ, ಸೂಜಿದಾರದ ಡಬ್ಬಿ, ಮದುವೆಯಲ್ಲಿ ಬಂದಿದ್ದ ಜೋಡಿ ಬೋಗುಣಿ. ನಮ್ಮಮ್ಮ ಎರಡು ಪಾತ್ರೆ ಕೊಟ್ಟು ಉಳಿದವನ್ನು ಮಂಚದ ಕೆಳಗೆ ತಳ್ಳಿದಳು. ಒಂದು ದಿನ ಕಿಂಡಿಯಿಂದ ಇಣುಕಿದರೆ ದೊಡ್ಡಮ್ಮ ಬಾಣಲೆಯ ಮುಚ್ಚಳದಲ್ಲಿ ಅನ್ನ ಹಾಕಿಕೊಂಡು ಉಣ್ಣುತ್ತಿದ್ದಳು.

"ಸಮ್ಲಿ ಅಕ್ಕ ಸನ್ಯಾಸ ತಗೋತಿದಾರೆ," ಎಂದು ಯುಪಿನ್ ಪೇಟೆಗೆಲ್ಲ ಸಾರಿದಳು. "ಪಾತ್ರೆಗಳು ಮುಂದೆ ಹೋಗಿವೆ, ಅವ್ರು ಹಿಂದಿಂದ ಹೋಗ್ತಾರೆ."

ಮೇಷ್ಟ್ರಂತೂ ಉಬ್ಬಿಹೋಗಿದ್ದರು. "ಸಮ್ಲಿ, ಈ ವರ್ಷ ನಿನ್ ಕೈ ದೊಡ್ದಾಗಿದೆಯಮ್ಮ! ಉಗ್ರಾಣದಲ್ಲಿ ಒಂದು ಕಪಾಟು ಪೂರ್ತಿ ನಿಂದೇ."

ದೊಡ್ಡಮ್ಮ ಹಲ್ಲು ಕಚ್ಚಿ ಕೈಮುಗಿದಳು.

ನಾನು ಉಪಾಯ ಹೇಳದೆ ಇರಲಿಲ್ಲ. ಸಂತೆಯಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಡಬ್ಬಿಗಳು ಕಟ್ಟುಗಟ್ಟಲೆ ಸಿಗುತ್ತವೆ ಎಂದೆ. "ಅವೂ ಅದೇ ಬಿದ್ರಿಗೆ ಹೋಗಿ ನೇತಾಡೋದು ತಾನೆ?" ಎಂದಳು. ಹಬ್ಬದ ದಿನಗಳಲ್ಲಿ ಹೆಂಗಸರು ಕ್ಯಾರಿಯರಿನಲ್ಲಿ ಅಡುಗೆ ತಂದು ವಿಹಾರದ ತಟ್ಟೆಗಳಿಗೆ ಬಡಿಸಿ ಕ್ಯಾರಿಯರ್ ವಾಪಸ್ ತರುವುದಿಲ್ಲವೇ, ನೀನೂ ದಿನಾ ಅಲ್ಲಿಗೇ ಹೋಗಿ ಬಡಿಸು ಎಂದೆ. ಅವಳು ದೋಣಿಕಟ್ಟೆಯ ಕಡೆ ನೋಡಿದಳು.

"ನಿಮ್ ದೊಡ್ಡಪ್ಪ ವಿಹಾರಕ್ಕೆ ಯಾವತ್ ಬಂದಿದ್ರು ಹೇಳು? ಹಬ್ಬಕ್ಕೂ ಬರ್ತಿರ್ಲಿಲ್ಲ. ಹುಳಿ ಕೇಳಿದ್ದು ಇಲ್ಲಿ. ಇದ್ರೆ ಇಲ್ಲೇ ಇರ್ತಾರೆ, ಕಟ್ಟೆ ಹತ್ರ. ಅಲ್ಲಿ ಬಡ್ಸಿ ಏನ್ ಮಾಡ್ಲಿ?"

ಕೊನೆಗೆ ಮನೆಯಲ್ಲಿ ಮುಚ್ಚಳವಿರುವ ಪಾತ್ರೆ ಉಳಿದದ್ದು ಒಂದೇ: ದೊಡ್ಡಪ್ಪನ ಕ್ಯಾರಿಯರ್. ನೀಲಿ ಹೂವಿನ ಎನಾಮಲ್ ಬಟ್ಟಲುಗಳು ಮೂರು, ಒಂದರ ಮೇಲೊಂದು. ಹಿಡಿಕೆಗೆ ದೋಣಿಯ ಹಗ್ಗದ ಎಳೆಯನ್ನು ಅವನೇ ಸುತ್ತಿದ್ದ. ಇಪ್ಪತ್ತಾರು ವರ್ಷ ಅವನ ಮಧ್ಯಾಹ್ನದ ಊಟ ಆ ಮೂರು ಬಟ್ಟಲುಗಳಲ್ಲಿ ಕಟ್ಟೆಗೆ ಇಳಿದಿತ್ತು.

ಅವತ್ತು ಬೆಳಿಗ್ಗೆ ಅವಳು ಮೇಲಿನ ಬಟ್ಟಲಿಗೆ ಹುಳಿ ತುಂಬಿ ಮುಚ್ಚಳ ಹಾಕಿದಳು. ಉಳಿದೆರಡನ್ನು ಮೇಜಿನ ಮೇಲಿಟ್ಟಳು. ಚಪ್ಪಲಿ ಬಿಟ್ಟು ನಿಂತಳು. ಮಂಜು ನದಿಯಿಂದ ಮೇಲೆ ಬರುತ್ತಿತ್ತು, ಅದರೊಳಗಿಂದ ಕಾವಿಯ ಸಾಲು ಮೂಡಿತು. ಹಿರಿಯ ಭಿಕ್ಷುಗಳು ಅವಳ ಮುಂದೆ ನಿಂತು ಪಾತ್ರೆಯ ಮುಚ್ಚಳ ತೆರೆದರು.

ದೊಡ್ಡಮ್ಮ ಎಲೆಯಲ್ಲಿ ಕಟ್ಟಿದ ಅನ್ನ ಇಟ್ಟಳು. ಆಮೇಲೆ ಬಟ್ಟಲು ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

ಹಿರಿಯರು ಕಾದರು. ಹಿಂದಿನ ಎಂಟು ಜನ ಕಾದರು. ಗಾಡಿಯ ಚಕ್ರ ನಿಂತಿತು. ದೊಡ್ಡಮ್ಮ ಬಟ್ಟಲನ್ನು ಎದೆಗೆ ತಂದುಕೊಂಡು, ತಲೆ ತಗ್ಗಿಸಿ ಒಂದು ಹೆಜ್ಜೆ ಹಿಂದೆ ಸರಿದಳು. ಪಾತ್ರೆ ಮೆಲ್ಲಗೆ ಮುಚ್ಚಿತು. ಸಾಲು ಮುಂದೆ ಹೋಯಿತು.

ಅವತ್ತು ಹುಣಸೆಮರಕ್ಕೆ ನೀರು ಬಿಡಲಿಲ್ಲ. "ಯಾವ್ ಬಾಯಲ್ಲಿ ಕರೀಲಿ," ಎಂದಳು. ಬಟ್ಟಲು ಅವಳ ಕೈಯಲ್ಲೇ ಇತ್ತು. ಯುಪಿನ್‌ ಎದ್ದು ಬಂದಳು. ದೊಡ್ಡಮ್ಮನ ಮೇಜಿನ ಮೇಲಿನ ಎಲೆಪೊಟ್ಟಣಗಳನ್ನು ತನ್ನ ಕಡೆ ಎಳೆದುಕೊಂಡು, "ಹೋಗ್ ಬನ್ನಿ ಅಕ್ಕ, ನಾನ್ ಮಾರ್ತೀನಿ," ಎಂದಷ್ಟೇ ಹೇಳಿದಳು.

ವಿಹಾರಕ್ಕೆ ಹೋಗುವ ದಾರಿಯುದ್ದಕ್ಕೂ ಅವಳು ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ನಡೆದಳು, ನಾನು ಹಿಂದೆ. ಭಿಕ್ಷುಗಳ ಊಟ ಮುಗಿದಿತ್ತು. ಹಿರಿಯರು ಮೊಗಸಾಲೆಯಲ್ಲಿ ಕೂತು ಕಾವಿಯ ಹರಿದ ಅಂಚು ಹೊಲಿಯುತ್ತಿದ್ದರು. ದೊಡ್ಡಮ್ಮ ದೂರದಲ್ಲಿ ಕೂತು ಬಟ್ಟಲನ್ನು ಪಕ್ಕಕ್ಕಿಟ್ಟಳು.

"ಅಪ್ಪಾವ್ರೇ, ಇದು ಅವ್ರದ್ದು. ಕೊಟ್ರೆ ಅವ್ರ ಬಟ್ಲು ಹೋಗುತ್ತೆ, ಕೊಡ್ದಿದ್ರೆ ಅವ್ರು ಹಸ್ಕೊಂಡಿರ್ತಾರೆ. ಕವರಲ್ಲಿ ಇನ್ನು ಕಟ್ಟಲಾರೆ. ನಂಗೆ ಲೋಭ ಬಂದಿದೆ. ಒಂದ್ ಬಟ್ಲಿಗೆ."

ಹಿರಿಯರು ಸೂಜಿಗೆ ದಾರ ಪೋಣಿಸಲು ಎರಡು ಸಲ ನೋಡಿದರು. ಕಣ್ಣು ಮಂಜು. ಭಿಕ್ಷು ತನಗೆ ಇಂಥದು ಬೇಕು, ಹೀಗೆ ಕೊಡು ಎಂದು ಹೇಳುವಂತಿಲ್ಲ. ಕೊಟ್ಟದ್ದನ್ನು ತಿರುಗಿ ಒಯ್ಯು ಎನ್ನುವಂತೆಯೂ ಇಲ್ಲ. ಅವರು ಕೇಳಿದ್ದು ಬೇರೆಯೇ.

"ಪ್ರಯೂನ್ ಹೋದಾಗ ಮೂರು ದಿನ ಜನ ಉಂಡ್ರಲ್ಲ, ಅಷ್ಟು ತಟ್ಟೆ ಎಲ್ಲಿಂದ ತಂದೆ ಸಮ್ಲಿ?"

"ಇಲ್ಲಿಂದ್ಲೇ ಅಪ್ಪಾವ್ರೇ. ಉಗ್ರಾಣದಿಂದ. ಎಲ್ರೂ ಇಲ್ಲಿಂದ್ಲೇ ತಾನೆ ತರೋದು?"

"ಮನೇಲಿ ಇಟ್ಕೊಂಡ್ಯಾ?"

"ಅಯ್ಯೋ! ತೊಳ್ದು, ಒಣಗ್ಸಿ, ಒಂದೂ ಬಿಡ್ದೆ ತಂದ್ಕೊಟ್ಟೆ."

"ಹೂಂ," ಎಂದು ಅವರು ಮತ್ತೆ ಸೂಜಿಗೆ ಬಗ್ಗಿದರು.

ದೊಡ್ಡಮ್ಮ ಕೂತೇ ಇದ್ದಳು. ಅಂಗಳದಲ್ಲಿ ಯಾರೋ ಗುಡಿಸುವ ಸದ್ದು. ಆಮೇಲೆ ಅವಳು ಇದ್ದಕ್ಕಿದ್ದಂತೆ ಮೂರು ಸಲ ನೆಲಕ್ಕೆ ಹಣೆ ಹಚ್ಚಿ ಎದ್ದು, ಸರಸರನೆ ಉಗ್ರಾಣದ ಕಡೆ ನಡೆದಳು. ಮೇಷ್ಟ್ರು ಬಾಗಿಲಲ್ಲೇ ಕೂತಿದ್ದರು.

"ಮೇಷ್ಟ್ರೇ, ಒಂದ್ ಡಬ್ಬಿ ಬೇಕು. ಎರವಲು."

"ಮದ್ವೇನಾ?"

"ಅಲ್ಲ."

"ಮತ್ತೆ? ಉಗ್ರಾಣದ ಪಾತ್ರೆ ಮದ್ವೆಗೆ, ಸಾವಿಗೆ ಮಾತ್ರ."

"ನಂದೂ ಸಾವಿಗೇ."

"ಅದಾಗಿ ನಾಲ್ಕು ವರ್ಷ ಆಯ್ತಲ್ಲಮ್ಮ!"

"ಅದು ನಿಮ್ ಲೆಕ್ಕ ಮೇಷ್ಟ್ರೇ."

ಅವರು ಕನ್ನಡಕ ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಬೀಗದ ಕೈ ತೆಗೆದರು. ಕಪಾಟಿನಲ್ಲಿ ದೊಡ್ಡಮ್ಮನ ಅಡುಗೆಮನೆ ಸಾಲಾಗಿ ಕೂತಿತ್ತು. ಅವಳು ಎಲ್ಲಕ್ಕಿಂತ ಮೊದಲು ಕೊಟ್ಟಿದ್ದ ಅಲ್ಯೂಮಿನಿಯಂ ಡಬ್ಬಿಗೆ ಕೈಹಾಕಿದಳು.

"ಹುಷಾರು. ಸಂಘದ್ ಪಾತ್ರೆ ಅದು. ನೆಗ್ಗಿದ್ರೆ ನೀನೇ ಹೊಣೆ."

"ಇಲ್ಲಿ ಆಗ್ಲೇ ನೆಗ್ಗಿದೆ. ನಾನೇ ಬೀಳ್ಸಿದ್ದು, ಹೋದ್ ವರ್ಷ."

"ಅದಕ್ ಸಾಕ್ಷಿ?"

"ನಿಮ್ ತಲೆ," ಎಂದಳು ದೊಡ್ಡಮ್ಮ. ಮೇಷ್ಟ್ರಿಗೆ ಹಾಗೆಂದವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅವರು ನಕ್ಕುಬಿಟ್ಟರು.

ಹೀಗೆ ಸಂಘದ ಡಬ್ಬಿ ಎರವಲಾಗಿ ಕಟ್ಟೆಗೆ ಬಂತು. ಬೆಳಿಗ್ಗೆ ಹುಳಿ ತುಂಬಿಕೊಂಡು ಪಾತ್ರೆಯಲ್ಲಿ ಕೂತು ವಿಹಾರಕ್ಕೆ ಹೋಗುವುದು, ಊಟವಾದ ಮೇಲೆ ಮತ್ತೆ ಎರವಲು ಬರುವುದು. ತನ್ನದಾಗಿದ್ದಾಗ ಬೂದಿಯಲ್ಲಿ ಎರಡು ಸಲ ತಿಕ್ಕಿ ಬಿಡುತ್ತಿದ್ದ ಡಬ್ಬಿಯನ್ನು ಈಗ ಅವಳು ಹುಣಸೆಹಣ್ಣು ಹಾಕಿ ಬೆಳಗಿ ಬಿಸಿಲಿಗೆ ಇಡುತ್ತಾಳೆ. ಬಟ್ಟಲು ಮರೆತು ಬರುವವರಿಗೆ, "ಉಗ್ರಾಣದಲ್ಲಿದೆ, ಹೋಗಿ ಕೇಳಿ, ಮೇಷ್ಟ್ರು ಕಚ್ಚಲ್ಲ," ಎನ್ನುತ್ತಾಳೆ. ಮೊದಲು ಯುಪಿನ್ ಹೋದಳು, ಸಿಹಿಗೆಂದು. ಆಮೇಲೆ ಅಕ್ಕಿಗಿರಣಿಯ ಇಬ್ಬರು. ಬಸ್ಸು ಹಿಡಿಯುವವರು ಇನ್ನೂ ಕವರಿನಲ್ಲೇ ನೀಡುತ್ತಾರೆ, ಬೇರೆ ಅಂಗಡಿಯಿಂದ. ಬಿದಿರು ಮೆಳೆಯ ಒಂದು ಮಗ್ಗುಲು ಇನ್ನೂ ಹೊಳೆಯುತ್ತಲೇ ಇದೆ. ದೊಡ್ಡಮ್ಮ ಭಾನುವಾರಗಳಂದು ಕೊಕ್ಕೆ ಹಿಡಿದು ಹೋಗುತ್ತಾಳೆ.

ಡಬ್ಬಿ ತರಲು ವಿಹಾರಕ್ಕೆ ಹೋಗಬೇಕು, ಹೋದರೆ ಭಿಕ್ಷುಗಳ ಊಟ ಮುಗಿಯುವವರೆಗೆ ಕಾಯಬೇಕು. ಅವರು ಉಂಡು ಬಿಟ್ಟದ್ದನ್ನು ಕಾದವರೆಲ್ಲ ಸುತ್ತ ಕೂತು ಹಂಚಿಕೊಂಡು ಉಣ್ಣುವುದು ವಾಡಿಕೆ. ಮೇಜು ಬಿಟ್ಟು ಬರಲಾಗದ ದೊಡ್ಡಮ್ಮ ಅಷ್ಟು ವರ್ಷಗಳಲ್ಲಿ ಆ ಪಂಕ್ತಿಯಲ್ಲಿ ಕೂತವಳೇ ಅಲ್ಲ. ಮೊದಲ ದಿನ ಮೇಷ್ಟ್ರು ತಾವೇ ಚಾಪೆ ಹಾಸಿ ಅವಳ ಮುಂದೆ ಡಬ್ಬಿ ಸರಿಸಿದರು. ತಳದಲ್ಲಿ ಸ್ವಲ್ಪ ಹುಳಿ ಉಳಿದಿತ್ತು, ಎರಡು ಅಗಸೆ ಹೂವು.

ದಾನಕ್ಕೆ ಮಾಡಿದ್ದನ್ನು ಅವಳು ಮುಂಚೆ ರುಚಿ ನೋಡುತ್ತಿರಲಿಲ್ಲ. ಆಮೇಲೆ ಗಡಿಗೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವಳು ಅನ್ನಕ್ಕೆ ಒಂದು ಚಮಚ ಹಾಕಿಕೊಂಡು ಬಾಯಿಗಿಟ್ಟಳು. ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ.

"ಉಪ್ಪಿಲ್ಲ," ಎಂದಳು.

ಇನ್ನೊಂದು ಚಮಚ ಹಾಕಿಕೊಂಡಳು.

"ಮೇಷ್ಟ್ರೇ, ಇದ್ರಲ್ಲಿ ಉಪ್ಪೇ ಇಲ್ವಲ್ಲ!"

"ಯಾವತ್ತೂ ಅಷ್ಟೇ," ಎಂದರು ಮೇಷ್ಟ್ರು, ತಟ್ಟೆ ನೋಡುತ್ತ.

"ಯಾವತ್ತೂ ಅಂದ್ರೆ? ನಾಲ್ಕು ವರ್ಷದಿಂದ್ಲೂ? ದಿನಾ ತಿಂತೀರಿ, ಒಂದ್ ಮಾತು ಹೇಳ್ಬಾರ್ದಿತ್ತಾ?"

"ದಾನ ಕೊಟ್ಟಿದ್ದಕ್ಕೆ ಉಪ್ಪು ಕಮ್ಮಿ ಅಂತ ಯಾರಾದ್ರೂ ಅಂತಾರಾ? ನಂಗೇನ್ ನರಕಕ್ಕೆ ಅವಸರಾನಾ?"

ದೊಡ್ಡಮ್ಮ ನಗತೊಡಗಿದಳು. ಹೆಗಲ ಮೇಲಿನ ಚೌಕವನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಗು ಎಲ್ಲೋ ಒಂದು ಕಡೆ ತಿರುಗಿಕೊಂಡು ಕಣ್ಣಿನಿಂದ ಇಳಿಯಿತು. "ನೋಡೇ ನಿಮ್ ದೊಡ್ಡಪ್ಪನ್ನ," ಎಂದಳು ನನಗೆ. "ಉಪ್ಪು ಒಂದ್ ಹರಳು ಕಮ್ಮಿ ಆದ್ರೆ ಮೆಟ್ಲು ಹತ್ಕೊಂಡ್ ಬಂದು ಜಗಳ ಆಡ್ತಿದ್ರು. ನಾಲ್ಕು ವರ್ಷ ಸುಮ್ನೆ ತಿಂದಿದಾರೆ. ಒಂದ್ ಸಲ ಕನಸಲ್ಲಾದ್ರೂ ಬಂದು ಬೈಬಾರ್ದಿತ್ತಾ?"

ಮರುದಿನ ಅವಳು ಗಡಿಗೆಗೆ, ನಮ್ಮಲ್ಲಿ ಉಪ್ಪಿನ ಬದಲು ಹಾಕುವ ಮೀನಿನ ರಸ ಎರಡು ಚಮಚ ಜಾಸ್ತಿ ಹಾಕಿದಳು. ಡಬ್ಬಿ ಪಾತ್ರೆಗಿಳಿಯಿತು. ಸಾಲು ಮುಂದೆ ಹೋದ ಮೇಲೆ ಹುಣಸೆಮರದ ಬುಡದಲ್ಲಿ ಕೂತು, ಚೊಂಬಿನ ನೀರನ್ನು ಎಳೆಯಾಗಿ ಬಿಡುತ್ತ, ಮೇಜಿನ ಮುಂದೆ ನಿಂತಿದ್ದವರಿಗೆಲ್ಲ ಕೇಳುವ ಹಾಗೆ ದೊಡ್ಡಪ್ಪನಿಗೆ ಹೇಳಿದಳು:

"ಇವತ್ತಿನ್ದು ಸರಿಯಾಗಿದೆ ಕಣ್ರೀ. ನಿನ್ನೆವರ್ಗಿಂದು ಮನಸ್ಸಿಗೆ ಹಚ್ಕೋಬೇಡಿ."